ವೀರಗಲ್ಲಿನಿಂದ ಹಿಟ್ಟಿನ ಹುಂಜದವರೆಗೆ: ‘ಗುಣ’ ಎಂಬ ಮಾತು ನಡೆದ ದಾರಿ

ಪ್ರಶ್ನೆ: ನಾನು ಸಕಲೇಶಪುರ ತಾಲ್ಲೂಕಿನ ಪ್ರೌಢಶಾಲೆಯೊಂದರಲ್ಲಿ ಕನ್ನಡ ಕಲಿಸುತ್ತೇನೆ. ಮೌಲ್ಯಶಿಕ್ಷಣದ ತರಗತಿಯಲ್ಲಿ ‘ಸದ್ಗುಣ’ ಎಂಬ ಮಾತು ಬಂದಾಗ ಒಬ್ಬ ಹುಡುಗಿ, ‘ಗುಣ ಅಂದರೇ ಒಳ್ಳೆಯದಲ್ಲವಾ ಸರ್, ಅದಕ್ಕೆ ಮತ್ತೆ ಸತ್ ಯಾಕೆ ಸೇರಿಸಬೇಕು?’ ಎಂದು ಕೇಳಿದಳು. ನನಗೆ ಉತ್ತರ ಹೊಳೆಯಲಿಲ್ಲ. ಸದ್ಗುಣ, ಪುಣ್ಯ, ಧರ್ಮ, ಶೀಲ ಇವೆಲ್ಲ ಒಂದೆಯೆ? ಈ ಕಲ್ಪನೆ ನಮ್ಮಲ್ಲಿಯೇ ಹುಟ್ಟಿದ್ದೋ, ಪಶ್ಚಿಮದಿಂದ ಬಂದದ್ದೋ? ಅದನ್ನು ಕಲಿಸಲು ಸಾಧ್ಯವೆ?

ಉತ್ತರ: ನಿಮ್ಮ ಮೂರು ಪ್ರಶ್ನೆಗಳಿಗಿಂತ ಆ ಹುಡುಗಿಯ ಒಂದು ಪ್ರಶ್ನೆಯೇ ತೂಕದ್ದು ಎಂದರೆ ನೀವು ಬೇಸರಿಸಲಾರಿರಿ ಎಂದು ನಂಬಿ, ಅಲ್ಲಿಂದಲೇ ಹೊರಡುತ್ತೇನೆ. ‘ಗುಣ’ ಎಂಬ ಸಂಸ್ಕೃತ ಪದಕ್ಕೆ ಎಳೆ, ನೂಲು, ಹುರಿ ಎಂಬುದು ಹಳೆಯ ಅರ್ಥ. ಬಿಲ್ಲಿಗೆ ಬಿಗಿಯುವ ಹೆದೆಗೂ ಅದೇ ಹೆಸರು. ಹೊಸೆದ ಹಗ್ಗದ ಒಂದೊಂದು ಎಳೆಯೂ ಗುಣವಾದುದರಿಂದ ದ್ವಿಗುಣ, ತ್ರಿಗುಣ ಎಂಬ ‘ಮಡಿ’ಯ ಅರ್ಥ ಬಂದಿತು, ನಮ್ಮ ಮಕ್ಕಳು ಮಗ್ಗಿಯೊಂದಿಗೆ ಕಲಿಯುವ ಗುಣಾಕಾರವೂ ಅದರಿಂದಲೇ ಬಂದಿತು. ಸಾಂಖ್ಯ ದರ್ಶನದವರು ಪ್ರಕೃತಿಯನ್ನು ಸತ್ತ್ವ, ರಜಸ್ಸು, ತಮಸ್ಸು ಎಂಬ ಮೂರೆಳೆಯ ಹುರಿಯೆಂದು ಕಂಡರು. ಅಲ್ಲಿ ಜಡತೆಗೆ ಕಾರಣವಾದ ತಮಸ್ಸೂ ಗುಣವೇ. ವೈಶೇಷಿಕ ದರ್ಶನದವರು ಪದಾರ್ಥಗಳ ಲೆಕ್ಕ ಹಿಡಿದು 24 ಗುಣಗಳನ್ನು ಎಣಿಸಿದಾಗ ಬಣ್ಣ, ರುಚಿ, ವಾಸನೆ, ಸಂಖ್ಯೆ, ಭಾರ ಇವುಗಳ ಪಂಕ್ತಿಯಲ್ಲಿಯೇ ಧರ್ಮಕ್ಕೂ ಅಧರ್ಮಕ್ಕೂ ಎಲೆ ಹಾಕಿದರು. ಹೀಗೆ ಸಂಸ್ಕೃತದಲ್ಲಿ ಗುಣವೆಂಬುದು ಒಳ್ಳೆಯದೂ ಅಲ್ಲ, ಕೆಟ್ಟದ್ದೂ ಅಲ್ಲ. ವಸ್ತುವಿಗೆ ಅಂಟಿಕೊಂಡಿರುವ ಲಕ್ಷಣ ಅಷ್ಟೆ. ಆದ್ದರಿಂದ ಒಳ್ಳೆಯದನ್ನು ಬೇರ್ಪಡಿಸಿ ಹೇಳಬೇಕಾದಾಗ ‘ಸತ್’ ಎಂಬ ಮುದ್ರೆ ಒತ್ತಬೇಕಾಯಿತು.

ಆದರೆ ಅದೇ ಮಾತು ಕನ್ನಡದ ಮನೆಗೆ ಬಂದ ಮೇಲೆ ಬೇರೆ ಬಾಳು ಬಾಳಿತು. ಜ್ವರ ಬಿಟ್ಟರೆ ‘ಗುಣವಾಯಿತು’ ಎನ್ನುತ್ತೇವೆ. ‘ಗುಣವಂತೆ’ ಎಂದರೆ ಸಾಕು, ಎಂಥ ಗುಣದವಳು ಎಂದು ಯಾರೂ ಮರುಪ್ರಶ್ನೆ ಹಾಕುವುದಿಲ್ಲ. ಅಂದರೆ ಕನ್ನಡದಲ್ಲಿ ಒಳ್ಳೆಯತನವು ಪದದ ಒಳಗೇ ಇಳಿದುಬಿಟ್ಟಿದೆ. ‘ಅವನ ಗುಣವೇ ಅಂಥದ್ದು’ ಎಂದು ಮೂಗು ಮುರಿಯುವಾಗ ಮಾತ್ರ ಹಳೆಯ ನಿಷ್ಪಕ್ಷಪಾತ ಅರ್ಥ ತಲೆಯೆತ್ತುತ್ತದೆ. ನಿಮ್ಮ ವಿದ್ಯಾರ್ಥಿನಿ ಕನ್ನಡ ಮಾತಾಡಿದಳು, ಪಠ್ಯಪುಸ್ತಕ ಸಂಸ್ಕೃತ ಮಾತಾಡಿತು, ಇಬ್ಬರೂ ಸರಿಯೇ.

ವಸ್ತುವಿನ ಲಕ್ಷಣವನ್ನು ಹೇಳುವ ಪದವೊಂದು ಮನುಷ್ಯನ ಒಳ್ಳೆಯತನವನ್ನು ಹೇಳುವ ಪದವಾಗುವುದು ನಮ್ಮಲ್ಲಿ ಮಾತ್ರ ನಡೆದ ಸಂಗತಿಯಲ್ಲ. ಗ್ರೀಕರು ‘ಅರೆಟೆ’ ಎಂದು ಕರೆದದ್ದನ್ನು ನಾವು ಸದ್ಗುಣವೆಂದು ಅನುವಾದಿಸುತ್ತೇವಾದರೂ, ಅವರಲ್ಲಿ ಕುದುರೆಗೂ ಕಣ್ಣಿಗೂ ಕತ್ತಿಗೂ ಅರೆಟೆ ಇತ್ತು. ಪ್ಲೇಟೋ ‘ರಿಪಬ್ಲಿಕ್’ನ ಮೊದಲ ಭಾಗದಲ್ಲಿ ಸಾಕ್ರಟೀಸನ ಬಾಯಲ್ಲಿ ಹೇಳಿಸುವ ಉದಾಹರಣೆ ಮಲೆನಾಡಿನವರಿಗೆ ತಟ್ಟನೆ ಹಿಡಿಸುವಂಥದ್ದು: ದ್ರಾಕ್ಷಿಬಳ್ಳಿಯ ಚಿಗುರನ್ನು ಯಾವ ಚೂರಿಯಿಂದಲಾದರೂ ಕತ್ತರಿಸಬಹುದು, ಆದರೆ ಆ ಕೆಲಸಕ್ಕೆಂದೇ ಮಾಡಿದ ಕತ್ತಿಯಷ್ಟು ಚೆನ್ನಾಗಿ ಬೇರೆ ಯಾವುದೂ ಕತ್ತರಿಸದು, ಹಾಗೆ ತನ್ನ ಕೆಲಸವನ್ನು ಚೆನ್ನಾಗಿ ಮಾಡಿಸುವ ಶಕ್ತಿಯೇ ಆ ಕತ್ತಿಯ ಅರೆಟೆ. ಮರಗಸಿ ಮಾಡುವ, ಅಂದರೆ ಮರದ ಕೊಂಬೆ ಸವರುವ ಕತ್ತಿಗೂ ಸೌದೆ ಸೀಳುವ ಕತ್ತಿಗೂ ಇರುವ ವ್ಯತ್ಯಾಸ ನಿಮ್ಮ ಶಾಲೆಯ ಮಕ್ಕಳಿಗೆ ನಮಗಿಂತ ಚೆನ್ನಾಗಿ ಗೊತ್ತಿರುತ್ತದೆ. ಕಾಫಿ ತೋಟದವರು ‘ಈ ಬೀಜದ ಗುಣ ಬೇರೆ, ಆ ಬೀಜದ ಗುಣ ಬೇರೆ’ ಎಂದು ಅರೇಬಿಕಾ, ರೊಬಸ್ಟಾಗಳನ್ನು ಬೇರೆ ಮಾಡಿ ಹೇಳುವಾಗ ಬಳಸುವ ಗುಣ ಶಬ್ದವು ಆ ಹಳೆಯ ಅರೆಟೆಗೆ ಬಲು ಹತ್ತಿರದ್ದು. ಇಲ್ಲಿಂದ ಮುಂದಿನ ಹೆಜ್ಜೆಯೇ ಕಷ್ಟದ್ದು. ಕತ್ತಿಯ ಕೆಲಸ ಕತ್ತರಿಸುವುದು, ಕಣ್ಣಿನ ಕೆಲಸ ನೋಡುವುದು. ಮನುಷ್ಯನ ಕೆಲಸ ಯಾವುದು? ಈ ಪ್ರಶ್ನೆಗೆ ಉತ್ತರ ಹುಡುಕುತ್ತ ಪ್ಲೇಟೋ ವಿವೇಕ, ಧೈರ್ಯ, ಸಂಯಮ, ನ್ಯಾಯ ಎಂಬ ನಾಲ್ಕನ್ನು ಎಣಿಸಿದ. ಮುಂದೆ ಕ್ರೈಸ್ತ ಚಿಂತಕರು ಈ ನಾಲ್ಕಕ್ಕೆ ನಂಬಿಕೆ, ಭರವಸೆ, ಪ್ರೀತಿ ಎಂಬ ಮೂರನ್ನು ಸೇರಿಸಿ ಏಳಾಗಿಸಿದರು. ಆ ಕಥೆ ಬೇರೆ ಕಡೆ ಸುಲಭವಾಗಿ ಸಿಗುವುದರಿಂದ ಇಲ್ಲಿ ಬೆಳೆಸುವುದಿಲ್ಲ.

ಸದ್ಗುಣಕ್ಕೆ ಇಂಗ್ಲಿಷಿನಲ್ಲಿ ಹೇಳುವ ‘ವರ್ಚ್ಯೂ’ ಗ್ರೀಕಿನಿಂದ ಬಂದದ್ದಲ್ಲ, ಲ್ಯಾಟಿನ್ನಿನ ‘ವಿರ್ಟುಸ್’ನಿಂದ ಬಂದದ್ದು. ಅದರ ಮೂಲ ‘ವಿರ್’, ಅಂದರೆ ಗಂಡಸು. ವಿರ್ಟುಸ್ ಎಂದರೆ ಮೊದಲಿಗೆ ಗಂಡಸುತನ, ರಣದಲ್ಲಿ ಹಿಂಜರಿಯದ ಗಂಡೆದೆ. ಕ್ರಿಸ್ತಪೂರ್ವ ಮೊದಲ ಶತಮಾನದ ಸಿಸೆರೊ ಈ ವ್ಯುತ್ಪತ್ತಿಯನ್ನು ತಾನೇ ಹೇಳಿದ್ದಾನೆ. ಆ ‘ವಿರ್’ ಮತ್ತು ಸಂಸ್ಕೃತದ ‘ವೀರ’ ಒಂದೇ ತಾಯಿಬೇರಿನ ಎರಡು ಚಿಗುರುಗಳು ಎಂಬುದು ಭಾಷಾಶಾಸ್ತ್ರದಲ್ಲಿ ವಾದವಿಲ್ಲದೆ ಒಪ್ಪಿತವಾದ ಮಾತು. ಕನ್ನಡ ಬೇರೆ ಕುಲದ ಭಾಷೆಯಾದರೂ ವೀರನನ್ನು ಬಲು ಹಿಂದೆಯೇ ಬರಮಾಡಿಕೊಂಡು ‘ಬೀರ’ ಎಂದು ತನ್ನವನನ್ನಾಗಿ ಮಾಡಿಕೊಂಡಿತು. ಹೀಗಾಗಿ ಊರ ಹೊರಗಿನ ವೀರಗಲ್ಲಿನ ಮೇಲಿರುವ ಪದಕ್ಕೂ ನಿಮ್ಮ ಪಠ್ಯದ ‘ವರ್ಚ್ಯೂ’ಗೂ ರಕ್ತಸಂಬಂಧವಿದೆ. ಒಂದು ಎಚ್ಚರಿಕೆಯ ಮಾತನ್ನು ಮಾತ್ರ ಹೇಳಬೇಕು: ಪದಗಳು ಬಂಧುಗಳಾದ ಮಾತ್ರಕ್ಕೆ ಕಲ್ಪನೆಗಳೂ ಬಂಧುಗಳಾಗುವುದಿಲ್ಲ. ರೋಮಿನಲ್ಲಿ ನಡೆದದ್ದು ನಮ್ಮಲ್ಲಿಯೂ ನಡೆಯಿತೋ ಇಲ್ಲವೋ ಎಂಬುದನ್ನು ನಮ್ಮ ಕಲ್ಲುಗಳನ್ನೇ ಕೇಳಿ ತಿಳಿಯಬೇಕು.

ಆ ಕೆಲಸಕ್ಕೆ ಹಾಸನ ಜಿಲ್ಲೆಗಿಂತ ಒಳ್ಳೆಯ ಜಾಗವನ್ನು ನಾನು ಕಾಣೆ. ಬೇಲೂರು ತಾಲ್ಲೂಕಿನ ಹಲ್ಮಿಡಿಯಲ್ಲಿ ದೊರೆತು, 1936ರಲ್ಲಿ ಎಂ. ಎಚ್. ಕೃಷ್ಣ ಅವರು ಬೆಳಕಿಗೆ ತಂದ, ಸುಮಾರು 450ನೆಯ ಇಸವಿಯದೆನ್ನುವ ಶಾಸನವು ಕನ್ನಡದ ಅತಿ ಹಳೆಯ ಶಾಸನಗಳಲ್ಲಿ ಒಂದು ಎಂದು ಎಲ್ಲರೂ ಓದಿರುತ್ತಾರೆ. ಲಿಪಿಗಾಗಿ, ವ್ಯಾಕರಣಕ್ಕಾಗಿ ಅದನ್ನು ಓದುವವರು ಬಹಳ. ಒಳ್ಳೆಯ ಮನುಷ್ಯ ಯಾರು ಎಂಬ ಪ್ರಶ್ನೆ ಇಟ್ಟುಕೊಂಡು ಓದುವವರು ವಿರಳ. ಹದಿನಾರು ಸಾಲಿನ ಆ ಬರಹದಲ್ಲಿ ಕದಂಬ ದೊರೆಯನ್ನು ಹೊಗಳಲು ಆರಿಸಿಕೊಂಡ ವಿಶೇಷಣ ‘ತ್ಯಾಗಸಂಪನ್ನ’. ಇನ್ನೊಬ್ಬನನ್ನು ಶೌರ್ಯೋದ್ಯಮದಿಂದ ತುಂಬಿದವನು, ‘ದಾನಪಶುಪತಿ’ಯೆಂದು ಹೊಗಳಿಸಿಕೊಂಡವನು ಎನ್ನುತ್ತಾರೆ. ವಿಜ ಅರಸನು ಸೇಂದ್ರಕ, ಬಾಣ ಎಂಬ ಎರಡು ದೇಶಗಳ ‘ವೀರಪುರುಷ ಸಮಕ್ಷದೆ’ ಕೇಕಯ, ಪಲ್ಲವರನ್ನು ಇರಿದು ಗೆದ್ದ. ಅದಕ್ಕೆ ‘ಬಾಳ್ಗಳ್ಚು’, ಅಂದರೆ ಕತ್ತಿಯ ರಕ್ತ ತೊಳೆದುದರ ಗೌರವವೆಂದು ಪಲ್ಮಡಿ, ಮೂಳಿವಳ್ಳಿ ಎಂಬ ಹಳ್ಳಿಗಳನ್ನು ಕೊಟ್ಟರು. ಈ ಕೊಡುಗೆಯನ್ನು ಕಸಿದವರಿಗೆ ಮಹಾಪಾತಕ. ಕೊಡುವುದು, ಇರಿಯುವುದು, ಕೊಟ್ಟದ್ದನ್ನು ಕಸಿಯದಿರುವುದು: ಐದನೆಯ ಶತಮಾನದ ಈ ನಾಡಿನ ಒಳ್ಳೆಯತನದ ಅಳತೆಗೋಲು ಇಷ್ಟೆ. ಇವುಗಳಲ್ಲಿ ನನ್ನ ಕಣ್ಣು ನಿಲ್ಲುವುದು ‘ಸಮಕ್ಷದೆ’ ಎಂಬ ಪುಟ್ಟ ಪದದ ಮೇಲೆ. ವಿಜ ಅರಸ ಹೋರಾಡಿದನೆಂದರೆ ಸಾಲದು, ಬಲ್ಲವರ ಕಣ್ಣೆದುರು ಹೋರಾಡಿದನೆಂದು ಬರೆಯಬೇಕು. ಕಂಡವರಿಲ್ಲದ ಶೌರ್ಯ ಆ ಲೋಕದಲ್ಲಿ ಶೌರ್ಯವಲ್ಲ. ಕಲ್ಲು ನಿಲ್ಲಿಸುವುದೂ ಮುಂದೆ ಬರುವವರನ್ನು ಸಾಕ್ಷಿಗಳನ್ನಾಗಿ ಮಾಡಿಕೊಳ್ಳಲಿಕ್ಕೇ. ಗುಣವು ಇಲ್ಲಿ ಮನಸ್ಸಿನೊಳಗಿನ ವಸ್ತುವಲ್ಲ, ಬಯಲಲ್ಲಿ ನಡೆದು ನಾಲ್ವರ ಬಾಯಲ್ಲಿ ನಿಂತ ಕೃತ್ಯ.

ಸುಮಾರು ಐನೂರು ವರ್ಷಗಳ ಅನಂತರ, 941ರ ಹೊತ್ತಿಗೆ ಪಂಪ ತನ್ನ ಭಾರತವನ್ನು ಮುಗಿಸುವಾಗ ಬರೆದ ಪದ್ಯವೊಂದು ಶಾಲೆಗೆ ಹೋದ ಕನ್ನಡಿಗರಿಗೆಲ್ಲ ಬಾಯಿಪಾಠ. ಛಲದಲ್ಲಿ ದುರ್ಯೋಧನ, ನನ್ನಿಯಲ್ಲಿ ಕರ್ಣ, ಗಂಡುತನದಲ್ಲಿ ಭೀಮ, ಬಲದಲ್ಲಿ ಶಲ್ಯ, ಉನ್ನತಿಯಲ್ಲಿ ಭೀಷ್ಮ, ಬಿಲ್ವಿದ್ಯೆಯಲ್ಲಿ ದ್ರೋಣ, ಸಾಹಸದಲ್ಲಿ ಅರ್ಜುನ, ಧರ್ಮದಲ್ಲಿ ಧರ್ಮರಾಯ. ಇವರಿಂದ ಈ ಭಾರತ ಲೋಕಪೂಜ್ಯ ಎನ್ನುತ್ತಾನೆ ಅವನು. ಇದನ್ನು ಪಾತ್ರಪರಿಚಯವೆಂದು ಓದಿ ಮುಗಿಸುವುದು ವಾಡಿಕೆ. ಆದರೆ ಇದು ಗುಣಗಳ ಪಟ್ಟಿಯೂ ಹೌದು, ಮತ್ತು ವಿಚಿತ್ರವಾದ ಪಟ್ಟಿ. ಮೊದಲ ಸ್ಥಾನ ಖಳನಾಯಕನಿಗೆ, ಅದೂ ಛಲಕ್ಕೆ. ಒಬ್ಬನಿಗೆ ಒಂದೇ ಗುಣ; ಎಲ್ಲವೂ ಇರುವವನು ಯಾರೂ ಇಲ್ಲ. ಧರ್ಮವೆಂಬುದೂ ಎಂಟರಲ್ಲಿ ಒಂದು, ಉಳಿದವುಗಳ ಮೇಲೆ ಕುಳಿತ ಒಡೆಯನಲ್ಲ. ಸತ್ಯಕ್ಕೆ ಪಂಪ ಧರ್ಮರಾಯನನ್ನು ಹೆಸರಿಸದೆ ಕರ್ಣನನ್ನು ಹೆಸರಿಸಿದ್ದನ್ನು ಗಮನಿಸಿ: ನನ್ನಿ ಎಂದರೆ ಇದ್ದದ್ದನ್ನು ಇದ್ದ ಹಾಗೆ ಹೇಳುವುದಷ್ಟೇ ಅಲ್ಲ, ಕೊಟ್ಟ ಮಾತಿಗೆ, ಉಂಡ ಅನ್ನಕ್ಕೆ ತಪ್ಪದಿರುವುದು. ಈ ಎರಡನ್ನೂ ಇಂದು ನಾವು ‘ಸತ್ಯ’ ಎಂಬ ಒಂದೇ ಚೀಲದಲ್ಲಿ ತುಂಬಿ, ಸಂಸ್ಕೃತದ ಪದಕ್ಕೆ ಕನ್ನಡದ ಹಳೆಯ ಪದವನ್ನು ಬಲಿಕೊಟ್ಟಿದ್ದೇವೆ ಎಂಬುದು ನನ್ನ ಹಳೆಯ ತಕರಾರು. ‘ನನ್ನಿ’ ಉಳಿದಿದ್ದರೆ ನಿಮ್ಮ ತರಗತಿ ಸ್ವಲ್ಪ ಹಗುರವಾಗುತ್ತಿತ್ತು.

ಬಯಲಿನ ಈ ಗುಣ ಒಳಮನೆಗೆ ಸರಿದದ್ದು ಹೇಗೆ ಎಂಬುದನ್ನು ತೋರಿಸಲು ನಾನು ಶ್ರವಣಬೆಳಗೊಳಕ್ಕೆ ಹೋಗುತ್ತೇನೆ. 981ರ ಸುಮಾರಿಗೆ ಗೊಮ್ಮಟನನ್ನು ನಿಲ್ಲಿಸಿದ ಚಾವುಂಡರಾಯ ಗಂಗರ ಮಂತ್ರಿ, ದಂಡನಾಯಕ. 978ರಲ್ಲಿ ಅವನು ಬರೆದ ಪುರಾಣದಲ್ಲಿ ಅವನ ಬಿರುದುಗಳ ಪಟ್ಟಿಯಿದೆ. ಸಮರಧುರಂಧರ, ವೀರಮಾರ್ತಂಡ, ರಣರಂಗಸಿಂಗ, ಸಮರಪರಶುರಾಮ ಎಂಬವು ಒಂದು ಜಾತಿಯವು. ಒಂದೊಂದರ ಹಿಂದೆಯೂ ಒಂದು ಯುದ್ಧವಿದೆ. ಸಮ್ಯಕ್ತ್ವರತ್ನಾಕರ, ಶೌಚಾಭರಣ, ಸತ್ಯಯುಧಿಷ್ಠಿರ, ಗುಣರತ್ನಭೂಷಣ ಎಂಬವು ಇನ್ನೊಂದು ಜಾತಿಯವು. ಇವುಗಳ ಹಿಂದೆ ಯಾವ ಕೋಟೆಯೂ ಬಿದ್ದಿಲ್ಲ. ಎರಡೂ ಒಬ್ಬನದೇ ಕೊರಳಿನಲ್ಲಿ ತೂಗಾಡಿದವು. ಅವನು ನಿಲ್ಲಿಸಿದ ಮೂರ್ತಿಯ ಕಥೆಯೂ ಈ ಎರಡರ ನಡುವಿನ ಹೊಸ್ತಿಲ ಮೇಲೆಯೇ ನಿಂತಿದೆ. ಬಾಹುಬಲಿ ಕಣ್ಣಿನ ಕಾಳಗ, ನೀರಿನ ಕಾಳಗ, ಮಲ್ಲಗಾಳಗ ಮೂರರಲ್ಲಿಯೂ ಅಣ್ಣ ಭರತನನ್ನು ಗೆದ್ದು, ಗೆದ್ದ ಕ್ಷಣದಲ್ಲಿಯೇ ರಾಜ್ಯವನ್ನು ಅಣ್ಣನಿಗೇ ಬಿಟ್ಟು ಹೊರಟುಬಿಡುತ್ತಾನೆ. ಸೋತವನು ಬಿಟ್ಟರೆ ಅದು ಅಸಹಾಯಕತೆ. ಗೆಲ್ಲಬಲ್ಲವನು ಬಿಟ್ಟರೆ ಮಾತ್ರ ತ್ಯಾಗ. ಹಾಗಾಗಿ ಜೈನರು ವೀರನನ್ನು ತಳ್ಳಿಹಾಕಲಿಲ್ಲ, ಅವನ ಹಗೆಯನ್ನು ಬದಲಾಯಿಸಿದರು. ‘ಜಿನ’ ಎಂದರೆ ಗೆದ್ದವನು. ವರ್ಧಮಾನನ ಬಿರುದು ‘ಮಹಾವೀರ’. ಗೆದ್ದದ್ದು ಮಾತ್ರ ತನ್ನ ಕ್ರೋಧ, ಮಾನ, ಮಾಯೆ, ಲೋಭಗಳನ್ನು. ಅಹಿಂಸೆ, ಸತ್ಯ, ಅಸ್ತೇಯ, ಬ್ರಹ್ಮಚರ್ಯ, ಅಪರಿಗ್ರಹ ಎಂಬ ಐದು ವ್ರತಗಳನ್ನು ಮುನಿಗಳಿಗೆ ಪೂರ್ಣವಾಗಿ, ಗೃಹಸ್ಥರಿಗೆ ಅಣುಪ್ರಮಾಣದಲ್ಲಿ ವಿಧಿಸಿದ್ದೂ ಈ ಗೆಲುವಿನ ಅಭ್ಯಾಸಕ್ಕಾಗಿ. ಬೌದ್ಧರ ಪಂಚಶೀಲದಲ್ಲಿ ಇವುಗಳಲ್ಲಿ ನಾಲ್ಕು ಹೆಚ್ಚುಕಡಿಮೆ ಹಾಗೆಯೇ ಇವೆ, ಐದನೆಯದು ಮಾತ್ರ ಮದ್ಯವರ್ಜನೆ. ಯೋಗಶಾಸ್ತ್ರದ ಯಮಗಳು ಇವೇ ಐದು. ಇವುಗಳಲ್ಲಿ ಹೆಚ್ಚಿನವು ‘ಮಾಡದಿರುವುದು’ ಎಂಬ ರೂಪದಲ್ಲಿರುವುದು ಆಕಸ್ಮಿಕವಲ್ಲ. ಮಾಡಿದ್ದನ್ನು ಹತ್ತು ಜನ ನೋಡಬಹುದು; ಮಾಡದೆ ಬಿಟ್ಟದ್ದಕ್ಕೆ ಬಿಟ್ಟವನೊಬ್ಬನೇ ಸಾಕ್ಷಿ.

ಇಲ್ಲಿ ಒಂದು ಅಡ್ಡಮಾತು ಹೇಳದೆ ಮುಂದೆ ಹೋಗಲಾರೆ. ಗೊಮ್ಮಟ ನಿಂತಿರುವ ವಿಂಧ್ಯಗಿರಿಯಲ್ಲಿ ‘ತ್ಯಾಗದ ಬ್ರಹ್ಮದೇವರ ಕಂಬ’ವೆಂಬ ಸೊಗಸಾದ ಕಂಬವಿದೆ, ಚಾಗದ ಕಂಬವೆಂದೂ ಕರೆಯುತ್ತಾರೆ. ಚಾವುಂಡರಾಯನ ವಂಶ, ಪರಾಕ್ರಮಗಳನ್ನು ಹೇಳುವ ಅವನದೇ ಶಾಸನ ಅದರ ನಾಲ್ಕು ಮುಖಗಳಲ್ಲಿ ಇತ್ತು. ಈಗ ಉಳಿದಿರುವುದು ಒಂದು ಮುಖದ್ದು ಮಾತ್ರ. ಉಳಿದ ಮೂರನ್ನು, ಸುಮಾರು 1200ರಲ್ಲಿ, ಹೆಗ್ಗಡೆ ಕಣ್ಣ ಎಂಬವನು ತನ್ನ ನಾಲ್ಕು ಮಾತು ಬರೆಸುವುದಕ್ಕಾಗಿ ಕೆತ್ತಿ ತೆಗೆಸಿದ. ತ್ಯಾಗದ ಕಂಬದ ಮೇಲೆಯೇ ಒಬ್ಬನ ಹೆಸರು ಇನ್ನೊಬ್ಬನ ಹೆಸರಿಗೆ ಜಾಗ ‘ತ್ಯಾಗ’ ಮಾಡಬೇಕಾಯಿತು. ಗೊಮ್ಮಟನನ್ನು ಮಾಡಿಸಿದವನ ಬಗ್ಗೆ ಅವನೇ ಬರೆಸಿದ ಮಾತುಗಳಲ್ಲಿ ಎಷ್ಟನ್ನು ಹೀಗೆ ಕಳೆದುಕೊಂಡೆವೋ ಎಂದು ಅಲ್ಲಿ ನಿಂತಾಗಲೆಲ್ಲ ನನ್ನ ಹೊಟ್ಟೆ ಉರಿಯುತ್ತದೆ.

ಈ ಎರಡು ಗುಣಗಳು, ಬಯಲಿನದೂ ಒಳಮನೆಯದೂ, ಒಂದಾದ ಮೇಲೊಂದು ಬಂದವೆಂದು, ಹಳೆಯದನ್ನು ಹೊಸದು ಓಡಿಸಿತೆಂದು ಭಾವಿಸಿದರೆ ತಪ್ಪಾಗುತ್ತದೆ. ದೋರಸಮುದ್ರ, ಅಂದರೆ ಇಂದಿನ ಹಳೇಬೀಡಿನ ಅರಮನೆಯ ನೆರಳಿನಲ್ಲಿ ಅವೆರಡೂ ಹನ್ನೊಂದೇ ವರ್ಷಗಳ ಅಂತರದಲ್ಲಿ ತಮ್ಮ ಅಂಚನ್ನು ಮುಟ್ಟಿದವು. ಹೊಯ್ಸಳ ದೊರೆ ಎರಡನೆಯ ವೀರಬಲ್ಲಾಳನ ಆಸ್ಥಾನದ ಕವಿ ಜನ್ನ 1209ರಲ್ಲಿ ‘ಯಶೋಧರ ಚರಿತೆ’ಯನ್ನು ಬರೆದ. ಅದರ ಕಥೆಯ ತಿರುಳು ಹೀಗಿದೆ: ಪ್ರಾಣಿಬಲಿ ಕೊಡಲೊಲ್ಲದ ರಾಜ ಯಶೋಧರ ತಾಯಿಯ ಒತ್ತಾಯಕ್ಕೆ ಮಣಿದು ನಿಜವಾದ ಕೋಳಿಗೆ ಬದಲು ಹಿಟ್ಟಿನಲ್ಲಿ ಮಾಡಿದ ಹುಂಜವನ್ನು ದೇವಿಯ ಮುಂದೆ ಕಡಿಯುತ್ತಾನೆ. ಅಷ್ಟರ ಫಲವಾಗಿ ತಾಯಿ ಮಕ್ಕಳಿಬ್ಬರೂ ನವಿಲು, ನಾಯಿ ಮೊದಲಾದ ಜನ್ಮಗಳಲ್ಲಿ ತೊಳಲುತ್ತಾರೆ. ಒಂದು ಹನಿ ರಕ್ತ ಬಿದ್ದಿಲ್ಲ, ಒಂದು ಜೀವ ಹೋಗಿಲ್ಲ; ಕೊಲ್ಲುವ ಸಂಕಲ್ಪ ಮಾಡಿದ್ದೇ ಹಿಂಸೆ. ಹಲ್ಮಿಡಿಯ ‘ಸಮಕ್ಷದೆ’ಯಿಂದ ಇದಕ್ಕಿಂತ ದೂರ ಹೋಗಲು ಸಾಧ್ಯವಿಲ್ಲ. ನಡೆದದ್ದು ಏನು ಎಂಬುದು ಲೆಕ್ಕಕ್ಕೇ ಇಲ್ಲ. ನೆನೆದದ್ದು ಏನು ಎಂಬುದೇ ಎಲ್ಲ.

1220ರಲ್ಲಿ ಬಲ್ಲಾಳ ತೀರಿಕೊಂಡ. ಅವನ ದಂಡನಾಯಕನೂ ‘ಗರುಡ’ನೂ ಆಗಿದ್ದ ಕುವರ ಲಕ್ಷ್ಮ ತನ್ನ ಹೆಂಡತಿ ಮತ್ತು ಸಂಗಡಿಗರೊಂದಿಗೆ ಪ್ರಾಣ ಕೊಟ್ಟ. ಗರುಡರೆಂದರೆ ಒಡೆಯನ ಸಾವಿನೊಂದಿಗೆ ತಾವೂ ಸಾಯುವೆವೆಂದು ಮೊದಲೇ ಮಾತು ಕೊಟ್ಟವರು. ಆ ನೇಮವನ್ನು ‘ವೇಳೆವಾಳಿ’ ಎನ್ನುತ್ತಿದ್ದರು, ಉಂಡ ಅನ್ನದ ಋಣಕ್ಕೆ ಕಾದಿ ಮಡಿಯುವುದನ್ನು ‘ಜೋಳವಾಳಿ’ ಎನ್ನುತ್ತಿದ್ದರು. ಹೊಯ್ಸಳೇಶ್ವರ ದೇವಾಲಯದ ಬಳಿ ಇವರ ನೆನಪಿನ ಕಂಬ ಇಂದಿಗೂ ಇದೆ. ಕತ್ತಿಯಿಂದ ತಮ್ಮ ಕೊರಳನ್ನು ತಾವೇ ಕತ್ತರಿಸಿಕೊಳ್ಳುತ್ತಿರುವ ವೀರರನ್ನು ಅದರ ಮೇಲೆ ಬಿಡಿಸಿದ್ದಾರೆ. ಬಸ್ಸಿನಿಂದ ಇಳಿದ ಪ್ರವಾಸಿಗರು ಗೋಡೆಯ ಆನೆಗಳ ಸಾಲನ್ನು ನೋಡುತ್ತ ಅದನ್ನು ದಾಟಿ ಹೋಗುತ್ತಾರೆ. ಜನ್ನನ ಕಣ್ಣಿನಿಂದ ನೋಡಿದರೆ ಆ ಕಂಬದ ಮೇಲಿನದು ಘೋರ ಹಿಂಸೆ. ಕಂಬದ ಕಣ್ಣಿನಿಂದ ನೋಡಿದರೆ ಜನ್ನನ ರಾಜ ಹಿಟ್ಟಿಗೆ ಹೆದರಿದ ಹೇಡಿ. ಇಬ್ಬರೂ ಒಬ್ಬನೇ ದೊರೆಯ ಅನ್ನ ಉಂಡವರು. ಸದ್ಗುಣ ಎಂದರೇನು ಎಂದು ಆ ಊರಿನ ಒಬ್ಬನನ್ನು ಅಂದು ಕೇಳಿದ್ದರೆ, ಅವನು ಯಾವ ಕಡೆಗೆ ಕೈ ತೋರುತ್ತಿದ್ದ? ಎರಡೂ ಕಡೆಗೆ ಎಂದೇ ನನ್ನ ಊಹೆ. ನಾವೂ ಹಾಗೆಯೇ ಅಲ್ಲವೆ? ಗಡಿಯಲ್ಲಿ ಮಡಿದ ಯೋಧನ ಮೆರವಣಿಗೆಗೆ ಹೋಗಿ ಬಂದ ಕೈಯಲ್ಲಿಯೇ ಇರುವೆಗೆ ಸಕ್ಕರೆ ಹಾಕುವವರನ್ನು ನಾನು ನೋಡಿದ್ದೇನೆ, ಅವರಲ್ಲಿ ಕಪಟವೇನೂ ಇರಲಿಲ್ಲ.

ಈ ನಡುವೆ ಹನ್ನೆರಡನೆಯ ಶತಮಾನದ ವಚನಕಾರರು ಬಂದುಹೋಗಿದ್ದರು. ‘ಕಳಬೇಡ, ಕೊಲಬೇಡ’ ಎಂಬ ಬಸವಣ್ಣನ ವಚನವನ್ನು ನಾವು ಮಕ್ಕಳಿಗೆ ಬಾಯಿಪಾಠ ಮಾಡಿಸುವ ಭರದಲ್ಲಿ ಅದರ ಕ್ರಾಂತಿಯನ್ನು ಮರೆತಿದ್ದೇವೆ. ಕದಿಯಬಾರದು, ಕೊಲ್ಲಬಾರದು, ಸುಳ್ಳಾಡಬಾರದು ಎಂಬ ಮೊದಲ ಮೂರು ಮಾತುಗಳು ಜೈನರ ವ್ರತಗಳಲ್ಲಿಯೂ ಬೌದ್ಧರ ಶೀಲದಲ್ಲಿಯೂ ಇದ್ದವೇ. ಹೊಸತು ಇರುವುದು ‘ತನ್ನ ಬಣ್ಣಿಸಬೇಡ, ಇದಿರ ಹಳಿಯಲು ಬೇಡ’ ಎಂಬಲ್ಲಿ. ಶಾಸನಗಳ ನಾಡಿನಲ್ಲಿ ಕುಳಿತು ಆ ಮಾತನ್ನು ಕೇಳಿಸಿಕೊಳ್ಳಬೇಕು. ಬಿರುದಾವಳಿ ಎಂದರೆ ತನ್ನ ಬಣ್ಣಿಸುವುದಲ್ಲದೆ ಮತ್ತೇನು? ಶತ್ರುರಾಜರ ಗಂಡ, ಗಜಕ್ಕೆ ಸಿಂಹ ಎಂದೆಲ್ಲ ಬರೆಸುವುದು ಇದಿರ ಹಳಿಯುವುದಲ್ಲದೆ ಮತ್ತೇನು? ಸುಮಾರು ಏಳು ಶತಮಾನಗಳ ಕಾಲ ಗುಣವನ್ನು ಕಲ್ಲಿನ ಮೇಲೆ ಹೊಳೆಸಿದ ರೂಢಿಗೆ ಆ ಒಂದು ಸಾಲು ಬೆನ್ನು ತಿರುಗಿಸಿತು. ಅಂತರಂಗಶುದ್ಧಿ, ಬಹಿರಂಗಶುದ್ಧಿ ಎರಡನ್ನೂ ವಚನ ಒಟ್ಟಿಗೆ ಹೆಸರಿಸುವುದರಿಂದ ಇದು ಬರಿಯ ಒಳಮುಖದ ಸಾಧನೆಯೂ ಅಲ್ಲ. ‘ನಡೆ’ ಮತ್ತು ‘ನುಡಿ’ ಒಂದಾಗಬೇಕೆಂಬ ಹಟ.

ಇನ್ನು ಹೆಣ್ಣುಮಕ್ಕಳ ಮಾತು. ‘ವಿರ್’ನಿಂದ ಹುಟ್ಟಿದ ವಿರ್ಟುಸ್ ಆಗಲಿ, ಪಂಪನ ‘ಗಂಡು’ ಆಗಲಿ ಹೆಂಗಸರನ್ನು ಹೊರಗೇ ನಿಲ್ಲಿಸಿದ ಪದಗಳು. ಸಹಗಮನ ಮಾಡಿದ ಹೆಂಗಸರ ನೆನಪಿಗೆ ನಿಲ್ಲಿಸಿದ ನಮ್ಮ ಊರುಗಳ ಎಷ್ಟೋ ಮಾಸ್ತಿಕಲ್ಲುಗಳಲ್ಲಿ ಬಳೆ ತೊಟ್ಟ ಮೇಲೆತ್ತಿದ ಒಂದು ತೋಳನ್ನು ಮಾತ್ರ ಬಿಡಿಸಿರುತ್ತಾರೆ, ಮುಖವೂ ಬೇಕಾಗಿಲ್ಲ. ಗಂಡನ ಸಾವಿನ ಮೂಲಕವಲ್ಲದೆ ಹೆಣ್ಣಿಗೆ ಗುಣವಿಲ್ಲ ಎನ್ನುವ ಆ ಕಲ್ಲುಗಳನ್ನು ಸದ್ಗುಣದ ಮಾದರಿಯೆಂದು ಮಕ್ಕಳಿಗೆ ತೋರಿಸುವವರನ್ನು ಕಂಡರೆ ನನಗೆ ಸಂಕಟವಾಗುತ್ತದೆ. ತೋರಿಸಬೇಕಾದದ್ದು ಬೇರೆ ಇದೆ. ಶ್ರವಣಬೆಳಗೊಳದ ಚಿಕ್ಕಬೆಟ್ಟದಲ್ಲಿ, ಸುಮಾರು 700ರ ಹೊತ್ತಿನ ಒಂದು ಪುಟ್ಟ ಶಾಸನ, ಚಿತ್ತೂರಿನ ಮೌನಿಗುರುವಿನ ಶಿಷ್ಯೆ ನಾಗಮತಿ ಗಂತಿಯರು ಮೂರು ತಿಂಗಳು ನೋಂತು ಮುಡಿಪಿದರು, ಅಂದರೆ ವ್ರತ ಹಿಡಿದು ಪ್ರಾಣ ಬಿಟ್ಟರು ಎಂದು ಹೇಳುತ್ತದೆ. ಗಂತಿ ಎಂದರೆ ಸನ್ಯಾಸಿನಿ. ಗಂಡನ ಹೆಸರಿಲ್ಲ, ತಂದೆಯ ಹೆಸರಿಲ್ಲ, ದಾನ ಕಸಿದವರು 60,000 ವರ್ಷ ಹುಳವಾಗಲೆಂದು ಶಾಸನಗಳಲ್ಲಿ ಬರುವ ಶಾಪವೂ ಇಲ್ಲ. ಗುರು, ತಾನು, ತನ್ನ ನೋಂಪಿ. ಆ ವ್ರತವನ್ನು ಇಂದು ನಾವು ಒಪ್ಪಬೇಕಾಗಿಲ್ಲ. ಹೆಣ್ಣೊಬ್ಬಳ ನಿರ್ಧಾರ ಅವಳದೇ ಹೆಸರಿನಲ್ಲಿ ಕಲ್ಲಿನ ಮೇಲೆ ನಿಂತಿತು ಎಂಬುದನ್ನು ಗಮನಿಸಿದರೆ ಸಾಕು.

ನೀವು ಕೇಳಿದ ಪದಗಳ ವ್ಯತ್ಯಾಸವನ್ನು ಈಗ ಬೇಗನೆ ಹೇಳಬಹುದು. ಪುಣ್ಯವು ಗಳಿಕೆ: ಅದನ್ನು ಕಟ್ಟಿಕೊಳ್ಳಬಹುದು, ತೀರಿಸಿಕೊಳ್ಳಬಹುದು, ತಂದೆತಾಯಿಗಳಿಗೆ ಆಗಲೆಂದು ದತ್ತಿ ಬಿಟ್ಟು ವರ್ಗಾಯಿಸಲೂಬಹುದು. ಗುಣವನ್ನು ಹಾಗೆ ದಾಟಿಸಲು ಬರುವುದಿಲ್ಲ. ಧರ್ಮವು ‘ಧರಿಸು’ ಎಂಬ ಧಾತುವಿನಿಂದ ಬಂದದ್ದು, ಎತ್ತಿಹಿಡಿಯುವ ಕಟ್ಟಳೆ. ಅದು ವ್ಯಕ್ತಿಗಿಂತ ದೊಡ್ಡದು, ಸಂದರ್ಭಕ್ಕೆ ತಕ್ಕಂತೆ ಬೇರೆಬೇರೆ. ಬಿಟ್ಟಿ ಸಿಕ್ಕಿದ್ದನ್ನು ‘ಧರ್ಮಕ್ಕೆ ಸಿಕ್ಕಿತು’ ಎನ್ನುವ, ಗುಂಪು ಸೇರಿ ಹೊಡೆದದ್ದನ್ನು ‘ಧರ್ಮದೇಟು’ ಎನ್ನುವ ಕನ್ನಡಿಗರ ತುಂಟತನವನ್ನು ಸದ್ಯಕ್ಕೆ ಪಕ್ಕಕ್ಕಿಡೋಣ. ಶೀಲವು ಮೂಲದಲ್ಲಿ ರೂಢಿ, ಸ್ವಭಾವ. ‘ದಾನಶೀಲ’ ಎಂದರೆ ಕೊಡುವುದೇ ಅಭ್ಯಾಸವಾದವನು, ಎಂದೋ ಒಮ್ಮೆ ಕೊಟ್ಟವನಲ್ಲ. ಈ ಪದ ಹೆಣ್ಣಿನ ದೇಹಕ್ಕೆ ಮಾತ್ರ ಅಂಟಿಕೊಂಡದ್ದು ಪದಕ್ಕೆ ಆದ ನಷ್ಟ. ‘ವರ್ಚ್ಯೂ’ ಎಂಬುದಕ್ಕೆ ಅರಿಸ್ಟಾಟಲನು ಕೊಟ್ಟ ಅರ್ಥಕ್ಕೆ ನಮ್ಮ ಪದಗಳಲ್ಲೆಲ್ಲ ಹತ್ತಿರದ್ದು ಸದ್ಗುಣವಲ್ಲ, ಶೀಲ. ಅಚ್ಚಗನ್ನಡದಲ್ಲಿ ಹೇಳಬೇಕೆಂದರೆ ನಡತೆ. ಕಲ್ಪನೆ ನಮ್ಮದೋ ಪಶ್ಚಿಮದ್ದೋ ಎಂಬ ನಿಮ್ಮ ಪ್ರಶ್ನೆಗೆ ಮೇಲಿನ ಕಲ್ಲುಗಳೇ ಉತ್ತರ ಕೊಟ್ಟಿವೆ ಎಂದುಕೊಳ್ಳುತ್ತೇನೆ.

ಕೊನೆಯದು, ಕಲಿಸಲು ಸಾಧ್ಯವೆ ಎಂಬುದು. ಪ್ಲೇಟೋನ ‘ಮೆನೊ’ ಎಂಬ ಸಂವಾದ ಈ ಪ್ರಶ್ನೆಯಿಂದಲೇ ಆರಂಭವಾಗುತ್ತದೆ, ಖಚಿತ ಉತ್ತರವಿಲ್ಲದೆ ಮುಗಿಯುತ್ತದೆ. ನಮ್ಮ ಗಾದೆಗಳೂ ಜಗಳವಾಡುತ್ತವೆ: ‘ಹುಟ್ಟುಗುಣ ಸುಟ್ಟರೂ ಹೋಗದು’ ಎಂದು ಒಂದು ಕೈಚೆಲ್ಲಿದರೆ, ‘ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೇ’ ಎಂದು ಇನ್ನೊಂದು ಬೇಗ ಆರಂಭಿಸು ಎನ್ನುತ್ತದೆ, ‘ಸಹವಾಸದಿಂದ ಸನ್ಯಾಸಿ ಕೆಟ್ಟ’ ಎಂದು ಮೂರನೆಯದು ಮರವಾದ ಮೇಲೂ ಬಗ್ಗುವುದುಂಟು ಎಂದು ಹೆದರಿಸುತ್ತದೆ. ನನ್ನ ಒಲವು ಅರಿಸ್ಟಾಟಲನ ಕಡೆಗೆ. ವೀಣೆ ನುಡಿಸಿ ನುಡಿಸಿ ವೈಣಿಕನಾಗುವಂತೆ, ಧೈರ್ಯದ ಕೆಲಸ ಮಾಡಿ ಮಾಡಿ ಧೈರ್ಯವಂತನಾಗುತ್ತಾನೆ ಎಂಬುದು ಅವನ ವಾದದ ಸಾರ. ಹಾಗೆ ಮಾಡುವಾಗ ಅಳತೆ ತಪ್ಪಬಾರದು: ಧೈರ್ಯದ ಒಂದು ಮಗ್ಗುಲಿಗೆ ಪುಕ್ಕಲುತನ, ಇನ್ನೊಂದು ಮಗ್ಗುಲಿಗೆ ಹುಂಬತನ, ಕೊಡುಗೈಯ ಒಂದು ಪಕ್ಕ ಜಿಪುಣತನ, ಇನ್ನೊಂದು ಪಕ್ಕ ದುಂದು. ಗುಣಗಳ ಹೆಸರನ್ನು ಹಲಗೆಯ ಮೇಲೆ ಬರೆದು ಬಾಯಿಪಾಠ ಮಾಡಿಸುವುದರಿಂದ ಏನೂ ಆಗದು. ಹುಂಬತನಕ್ಕೂ ಧೈರ್ಯಕ್ಕೂ ಗೆರೆ ಎಲ್ಲಿ ಎಂದು ಮಕ್ಕಳೇ ಜಗಳವಾಡಿದರೆ ಸ್ವಲ್ಪ ಆಗಬಹುದು.

ಅದಕ್ಕೆ ನನ್ನದೊಂದು ಸಲಹೆ. ಹಲ್ಮಿಡಿಯ ಮೂಲ ಶಾಸನ ಮೈಸೂರಿನಲ್ಲಿದೆ, ಊರಿನಲ್ಲಿರುವುದು ಪ್ರತಿಕೃತಿ. ಆದರೂ ಮಕ್ಕಳಿಗೆ ಅದನ್ನು ತೋರಿಸಿ, ಅಲ್ಲಿಂದ ಹಳೇಬೀಡಿಗೆ ಕರೆದುಕೊಂಡು ಹೋಗಿ ಕುವರ ಲಕ್ಷ್ಮನ ಕಂಬದ ಮುಂದೆ ನಿಲ್ಲಿಸಿ, ಹಿಟ್ಟಿನ ಹುಂಜದ ಕಥೆಯನ್ನು ಅಲ್ಲಿಯೇ ಹೇಳಿ. ಯಾರು ಒಳ್ಳೆಯವರು ಎಂದು ನೀವು ಮಾತ್ರ ಹೇಳಬೇಡಿ. ಇನ್ನೊಂದು ದಿನ ಬಿಡುವಾದರೆ ಶ್ರವಣಬೆಳಗೊಳದ ತ್ಯಾಗದ ಕಂಬವನ್ನೂ ನೋಡಿ ಬನ್ನಿ. ಹೆಗ್ಗಡೆ ಕಣ್ಣನ ಬಗ್ಗೆ ಆ ಹುಡುಗಿ ಏನು ಹೇಳುತ್ತಾಳೆ ಎಂದು ತಿಳಿಯುವ ಕುತೂಹಲ ನನಗಿದೆ.